ಸಮುದ್ರದ ಕಡೆಯ ಕೈ

ಪರದೆಯ ಮೇಲೆ ಆ ಪುಟ್ಟ ಬಾಣ ಮತ್ತೆ ನಡುಗುತ್ತಿದೆ, ಮೀನಿನ ಮೇಲೆ ಕೂರಲೋ ಬೇಡವೋ ಎಂದು ಹೊಂಚುವ ನೊಣದ ಹಾಗೆ, ನಡುಗುತ್ತಿರುವುದು ಬಾಣವಲ್ಲ ಮೌಸ್ ಹಿಡಿದ ತನ್ನ ಬಲಗೈ ಎಂದು ಅಮೆರ್ಲೆಗೆ ಗೊತ್ತಿಲ್ಲವೇ, ಈ ಬಲಗೈ ಹುಟ್ಟು ಸೋಮಾರಿ, ಊರ ಕಣ್ಣೆದುರು ದುಡಿದ ಹಾಗೆ ನಟಿಸುವುದೊಂದು ಗೊತ್ತು ಅದಕ್ಕೆ — ಹೊಗೆಯ ವಾಸನೆ, ಎಲ್ಲಿಂದ, ಚರ್ಚಿನ ಹಿಂದಿನ ಈ ಓದುವ ಕೋಣೆಯಲ್ಲಿ ಒಲೆಯೆಲ್ಲಿ ಬಂತು, ಓ, ತನ್ನ ಹೆಬ್ಬೆರಳಿನದೇ, ಸೋಪು ತಿಕ್ಕಿ ತಿಕ್ಕಿ ಬೆರಳು ಸವೆದರೂ ಮೀನು ಸುಟ್ಟ ಹೊಗೆ ಹೋಗಲಿಲ್ಲ, ತಾನು ಸತ್ತು ಸ್ವರ್ಗದ ಬಾಗಿಲಿಗೆ ಹೋದರೆ ಕಾವಲಿನವನು ಮೂಗು ಮುಚ್ಚಿಕೊಂಡು ತೆಶಿ ಊರಿನ ಮೀನಿನವಳು ಬಂದ್ಲು, ಕಿಟಕಿ ತೆಗೀರಿ ಅಂತ ಒಳಗೆ ಕೂಗುತ್ತಾನೆ, ಕೂಗಲಿ, ಅಲ್ಲಿ ಬೊರ್ಕೆಟೆ ಇದ್ದಾನಲ್ಲ, ಗಂಡ, ವಾಸನೆ ಹಿಡಿದೇ ಎದ್ದು ಬರುತ್ತಾನೆ, ಹೋಗಿ ಎರಡು ಮಳೆಗಾಲ ಆಯಿತು, ಹಸಿದಿರುತ್ತಾನೆ ಪಾಪ. ನಿಲ್ಲು ಬಾಣವೇ, ಒಂದು ಕಡೆ ನಿಲ್ಲು. ಇನ್ನು ಸ್ವಲ್ಪ ಹೊತ್ತಿಗೆ ಮೀನಿನ ಹೆಂಗಸರೆಲ್ಲ ಬಂದುಬಿಡುತ್ತಾರೆ, ಕಡಲ ದಂಡೆಯೇ ಎದ್ದು ಬಂದು ಈ ಕೋಣೆಗೆ ನುಗ್ಗುತ್ತದೆ, ಎಲ್ಲರಿಗಿಂತ ಮುಂದೆ ಕೊರ್ಕೊಯ್, ಪಕ್ಕದ ಒಲೆಯವಳು, ಈ ವರ್ಷದಿಂದ ಮೀನಿನ ಹೆಂಗಸರ ನಾಯಕಿ, ಅಮೆರ್ಲೆ ಈ ವಯಸ್ಸಿನಲ್ಲಿ ಕಂಪ್ಯೂಟರಿನೊಳಗೆ ಅದೇನೋ ಆಟ ಕಟ್ಟಿದ್ದಾಳಂತೆ ನೋಡೋಣ ಅಂತ, ಬರುತ್ತಾರೆ, ನೋಡುತ್ತಾರೆ, ಮತ್ತು ಆ ಆಟದೊಳಗೆ ಅಮೆರ್ಲೆ ತನ್ನ ಗಂಡನಿಗೆ ಎಡಗೈಯಲ್ಲಿ ಮೀನು ಚಾಚಿಕೊಂಡು ನಿಂತಿದ್ದಾಳೆ.

ಎಡಗೈ! ನಾಯಿಗೆ ಎಲುಬು ಎಸೆಯುವಾಗಲೂ ಈ ಊರಿನಲ್ಲಿ ಬಲಗೈಯೇ ಬೇಕು, ಬಲಗೈಯಲ್ಲಿ ಮಗು, ತಲೆಯ ಮೇಲೆ ಬೇಸನ್ನು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಡಗೈ ಚಾಚಿ, ಎಡಗೈ ಆಯ್ತು, ಕ್ಷಮಿಸಿ, ಅನ್ನಬೇಕು, ಅಂದರೂ ಕೊರ್ಕೊಯ್ ಕ್ಷಮಿಸುವುದಿಲ್ಲ, ಒಂದು ದಿನ ಪಾಪ ಹೊಸ ಸೊಸೆಯೊಂದು ಎಡಗೈಯಲ್ಲಿ ಜೋಳದ ಹಿಟ್ಟಿನ ಕೆಂಕೆ ಉಂಡೆ ಕೊಟ್ಟಿತು ಅಂತ, ವಾಪಸ್ ಮನೆಗೆ ಹೋಗು, ನಿಮ್ಮಮ್ಮನ ಹತ್ರ ಕೈ ಯಾವ್ದು ಅಂತ ಕಲ್ತ್ಕೊಂಡು ಬಾ ಅಂದಳಲ್ಲ, ಆ ಹುಡುಗಿ ಅತ್ತದ್ದಕ್ಕೆ ಸಮುದ್ರ ಒಂದು ಗೇಣು ಏರಿತು. ಅಂಥವಳು ಇದನ್ನು ನೋಡಿದರೆ, ಗಂಡನಿಗೇ, ಅದೂ ಸತ್ತ ಗಂಡನಿಗೆ — ಬೊರ್ಕೆಟೆಯ ಮನೆತನದವರಿಗೆ ಸುದ್ದಿ ಹೋಗುತ್ತದೆ, ಮುದುಕರೆಲ್ಲ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಮ್ಮ ಹಿರಿಯನನ್ನ ಸತ್ತ ಮೇಲೆ ಅವಮಾನ ಮಾಡಿದಿಯಲ್ಲಮ್ಮ, ತಾ ಒಂದು ಕುರಿ, ತಾ ಜಿನ್ ಸಾರಾಯಿಯ ಬಾಟಲಿ, ಮಾಡು ಅವನಿಗೆ ಸಮಾಧಾನ, ಕುರಿ ಹೋದರೆ ಹೋಗಲಿ, ಆಮೇಲೆ ದೋಣಿ ದಡಕ್ಕೆ ಬಂದಾಗ ತನ್ನ ಬೇಸನ್ನಿನ ಪಕ್ಕ ಯಾರು ನಿಲ್ಲುತ್ತಾರೆ, ಇಷ್ಟು ಕಾಲ ಕಟ್ಟಿದ ಮರ್ಯಾದೆ, ಒಲೆಯಲ್ಲಿ ಮರೆತ ಮೀನಿನ ಹಾಗೆ ಒಂದೇ ಮಧ್ಯಾಹ್ನದಲ್ಲಿ ಕರಕಲು. ಅಜ್ಜಿ, ಒಂದೇ ನಿಮಿಷದ ಕೆಲ್ಸ, ಸರಿ ಮಾಡ್ಬಿಡ್ಲಾ, ಅನ್ನುತ್ತಿದ್ದಾಳೆ ಬೆನ್ನ ಹಿಂದಿನಿಂದ ಲಮಿಲೆ, ಟೀಚರಮ್ಮ, ಕೊರ್ಕೊಯ್‌ಳ ಮೊಮ್ಮಗಳು ಬೇರೆ, ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡು. ಇರು ಮಗಾ ಇರು, ಅನ್ನುತ್ತಾಳೆ ಅಮೆರ್ಲೆ, ಯಾಕೆ ಇರು ಅಂದೆ ಅಂತ ಅವಳಿಗೇ ಗೊತ್ತಿಲ್ಲ.

ಇದೆಲ್ಲ ಈ ಹುಡುಗಿಯಿಂದಲೇ ಶುರುವಾದದ್ದು, ಮಂಗಳವಾರ ಸಮುದ್ರ ದೇವರು ದಣಿವಾರಿಸಿಕೊಳ್ಳುವ ದಿನ, ದೋಣಿ ಇಳಿಯುವುದಿಲ್ಲ, ಮೀನಿಲ್ಲ, ಹೆಂಗಸರು ಜಗಳ ಆಡಿಕೊಂಡು ಕೂತಿರುತ್ತಾರೆ, ಅದರ ಬದಲು ಬಂದು ಫೋನು ಕಲೀರಿ ಅಂತ ಕರೆದಳು, ಬಂದರು, ಕಲಿತರು, ಹೋದರು, ಅಮೆರ್ಲೆ ಮಾತ್ರ ನಂಗೆ ಫೋನ್ ಯಾಕೆ, ನಾನು ಇಲ್ಲಿ ಕೂಗಿದ್ರೆ ಅಕ್ರಾ ಪಟ್ಟಣದಲ್ಲಿ ತಿರುಗಿ ನೋಡ್ತಾರೆ ಅಂತ ಮೂಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು, ಆಗ ಕಂಡದ್ದು ಅದು, ಲಮಿಲೆಯ ಪರದೆಯ ಮೇಲೆ ಒಂದು ಮೇಕೆ ಗೋಡೆ ಹಾರುತ್ತಾ ಓಡುತ್ತಿತ್ತು, ಇದ್ಯಾರದೇ ಮೇಕೆ, ನಂದೇ ಅಜ್ಜಿ, ನಾನೇ ಮಾಡಿದ್ದು, ನೀನು ಮೇಕೆ ಮಾಡಿದ್ಯಾ, ಹೂಂ, ಹಾರು ಅಂದ್ರೆ ಹಾರತ್ತೆ, ಹಾಗಾದ್ರೆ ನಾನೂ ಮಾಡ್ತೀನಿ, ಸರ್ಕೋ ಆ ಕಡೆ — ಸ್ಟೂಲು ಎಳೆದು ಕೂತವಳು ಮತ್ತೆ ಏಳಲಿಲ್ಲ. ಓದಲು ಬರದಿದ್ದರೇನು, ಬಣ್ಣ ಬರುವುದಿಲ್ಲವೇ, ಒಂದೊಂದು ಅಪ್ಪಣೆಗೆ ಒಂದೊಂದು ಬಣ್ಣದ ತುಂಡು, ಬ್ಲಾಕು ಅಂತ ಅದರ ಹೆಸರು, ನೀಲಿ ಬ್ಲಾಕು ನಡೆಸುತ್ತದೆ, ನೇರಳೆ ಮಾತಾಡಿಸುತ್ತದೆ, ಹಳದಿ ಯಾವಾಗ ಶುರು ಅನ್ನುತ್ತದೆ, ಕಿತ್ತಳೆ ಎಷ್ಟು ಸಲ ಅನ್ನುತ್ತದೆ, ಒಂದರ ಕೆಳಗೊಂದು ಇಟ್ಟರೆ ಟಕ್ ಅಂತ ಕೂರುತ್ತವೆ, ಥೇಟ್ ಒಲೆಯ ಮೇಲೆ ಮೀನನ್ನು ಹೊಗೆಗಿಡುವ ಜಾಲರಿ ತಟ್ಟೆಗಳು, ಮೇಲಿನದರ ಅಂಚು ಕೆಳಗಿನದರ ಅಂಚಿನಲ್ಲಿ ಕೂರಬೇಕು, ಒಂದು ಸೊಟ್ಟಗಾದರೂ ಹೊಗೆ ಸೋರಿ ಇಡೀ ಸಾಲು ಹಸಿ, ಇದನ್ನ ಹೇಳ್ಕೊಡೋಕೆ ನೀನು ಪಟ್ಟಣಕ್ಕೆ ಹೋಗಿ ಓದ್ಬೇಕಾಯ್ತೇನೇ ಅಂದಾಗ ಲಮಿಲೆ ನಕ್ಕು ನಕ್ಕು ಬಗ್ಗಿದಳು. ನಗಲಿ, ನಗುವಾಗ ಮುಖ ಥೇಟ್ ಅಜ್ಜಿಯದೇ, ಹರೆಯದಲ್ಲಿ ಕೊರ್ಕೊಯ್ ಚೆಂದವಾಗಿದ್ದಳು ಅಂತ ಒಪ್ಪಿಕೊಳ್ಳಬೇಕಾಗುತ್ತದೆ, ಅದೊಂದು ಸಂಕಟ.

ಮೊದಲ ಸಲ ಎಂಥ ರಾದ್ಧಾಂತ, ಮೀನೂ ಮೀನೂ ಅಂತ ತನ್ನ ಕೂಗನ್ನೇ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ತುಂಬಿ ಅದನ್ನು ಯಾವಾಗಲೂ ಎಂಬ ಹೆಸರಿನ, ನಿಲ್ಲಿಸುವುದೇ ಗೊತ್ತಿಲ್ಲದ ಬ್ಲಾಕಿನ ಹೊಟ್ಟೆಗೆ ಸೇರಿಸಿಬಿಟ್ಟಿದ್ದಳು, ಆ ಯಾವಾಗಲೂ ಬ್ಲಾಕು ಅವಳಿಗೆ ಬಹಳ ಇಷ್ಟ, ಪೆಟ್ಟಿಗೆ ಮೀನೂ ಮೀನೂ ಅಂತ ಬಾಯಿ ಮುಚ್ಚದೆ ಕೂಗಿತು, ಪ್ರಾರ್ಥನೆಯ ನಡುವೆ ಪಾದ್ರಿ ಎದ್ದು ಬಂದರು, ಇನ್ನು ಸ್ವಲ್ಪ ಬಿಟ್ಟಿದ್ದರೆ ಸಮುದ್ರದ ಮೀನುಗಳೇ ಏನಮ್ಮ ಕರೆದೆಯಾ ಅಂತ ನಡೆದು ಬರುತ್ತಿದ್ದವು. ಆಮೇಲೆ ಪರದೆಯ ಮೇಲೆ ಬರೆದ ಬೊರ್ಕೆಟೆಯನ್ನು ನಡೆಸಲು ಹೋಗಿ ಸಂಖ್ಯೆ ದೊಡ್ಡದು ಹಾಕಿದಳು, ಮನುಷ್ಯ ಗುಂಡು ಹಾರಿದ ಹಾಗೆ ಪರದೆ ದಾಟಿ ಎತ್ತಲೋ ಹೋದ, ಅಯ್ಯೋ ಹಿಡಿಯೇ ಹಿಡಿಯೇ, ಎಲ್ಲಿಗೆ ಹೋದ, ಅಂಚಿನಾಚೆ ಇದಾರೆ ಅಜ್ಜಿ, ಕಾಣಲ್ಲ ಅಷ್ಟೆ, ಅಂಚಿನಾಚೆ ಇದ್ದಾನೆ, ಕಾಣುವುದಿಲ್ಲ ಅಷ್ಟೆ — ಆ ಮಾತನ್ನು ಹುಡುಗಿ ಎಷ್ಟು ಸಲೀಸಾಗಿ ಅಂದುಬಿಟ್ಟಿತು, ಅಮೆರ್ಲೆ ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಬಾಯೊಳಗೆ ಕಲ್ಲುಸಕ್ಕರೆಯ ಹಾಗೆ ಹೊರಳಿಸಿದಳು. ಅವನು ಜೀವಮಾನದಲ್ಲಿ ಓಡಿದವನಲ್ಲ, ಮನೆಗೆ ಬೆಂಕಿ ಬಿದ್ದರೂ ಮೊದಲು ಚಪ್ಪಲಿ ಹುಡುಕುವ ಆಸಾಮಿ, ಸಂಖ್ಯೆ ಇಳಿಸಿ, ಇಳಿಸಿ, ಇನ್ನೂ ಇಳಿಸಿ, ಕೊನೆಗೆ ಅವನದೇ ನಡಿಗೆ ಬಂತು, ಮೊಣಕಾಲಲ್ಲಿ ಮರಳು ತುಂಬಿದಂಥ ನಡಿಗೆ. ದೋಣಿಯಲ್ಲೇ ಬರಿಸಬೇಕು ಅಂತ ಆಸೆಯಿತ್ತು, ಹಳದಿ ಬಳಿದ ದೋಣಿಯನ್ನೂ ಬರೆದಿದ್ದಳು, ಆದರೆ ತರಗತಿ ಇರುವುದು ಮಂಗಳವಾರ, ಮಂಗಳವಾರ ದೋಣಿ ನೀರಿಗೆ ಇಳಿಸುವುದು ಹೇಗೆ, ಅದು ಬರೀ ಚಿತ್ರ ಅಜ್ಜಿ, ಚಿತ್ರದ್ದಾದ್ರೇನು, ಸಮುದ್ರ ಸಮುದ್ರಾನೇ, ಬೇಕಾದ್ರೆ ನೀನು ಇಳಿಸು, ನಾಳೆ ನಿನ್ನ ಮೂಗಿಗೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡ, ಲಮಿಲೆ ಮೂಗು ಮುಟ್ಟಿ ನೋಡಿಕೊಂಡಳು, ದೋಣಿ ದಡದಲ್ಲೇ ಉಳಿಯಿತು, ಬೊರ್ಕೆಟೆ ನಡೆದೇ ಬರುತ್ತಾನೆ.

ಆಟ ಇಷ್ಟೇ, ಅಂಗಡಿಯ ಹಾಗೆ, ನಡುವೆ ಒಲೆ, ಒಲೆಯ ಮುಂದೆ ಅಮೆರ್ಲೆ, ಪರದೆಯ ಈ ತುದಿಯಲ್ಲಿ ರಸ್ತೆ, ಆ ತುದಿಯಲ್ಲಿ ಸಮುದ್ರ, ನಿಜದಲ್ಲಿ ಹೇಗಿದೆಯೋ ಹಾಗೇ, ರಸ್ತೆಯಿಂದ ಗಿರಾಕಿಗಳು ಬರುತ್ತಾರೆ, ಮೀನು ಕರಟುವ ಮೊದಲು ಕೊಡಬೇಕು, ಗಿರಾಕಿಯ ಕೈ ಮುಟ್ಟಿದರೆ ಮೀನು ಮಾಯ, ಇನ್ನೊಬ್ಬ ಬರುತ್ತಾನೆ, ಎಲ್ಲರೂ ಮುಗಿದ ಮೇಲೆ ಸಮುದ್ರದ ಕಡೆಯಿಂದ ಗಂಡ. ತನ್ನ ಚಿತ್ರವನ್ನು ತಾನೇ ಬರೆದದ್ದು, ಸೊಂಟ ನಿಜಕ್ಕಿಂತ ಕಡಿಮೆ ಮಾಡಿ, ಯಾರು ಕೇಳುತ್ತಾರೆ, ಮುಖ ನಮ್ಮ ಕಡೆಗೆ, ಫೋಟೋಕ್ಕೆ ನಿಂತ ಹಾಗೆ, ಎಡಗೈ ಸೊಂಟದ ಮೇಲೆ, ಬಲಗೈ ಮೀನು ಹಿಡಿದು ರಸ್ತೆಯ ಕಡೆ ಚಾಚಿದೆ, ಒಂದೇ ಚಿತ್ರ, ಇನ್ನೊಂದು ಬರೆಯಲು ಬೆರಳಿಗೆ ತ್ರಾಣ ಎಲ್ಲಿತ್ತು, ಸಮುದ್ರದ ಕಡೆ ತಿರುಗು ಅಂತ ಬ್ಲಾಕು ಸೇರಿಸಿದರೆ ಸಾಕು ಪೆಟ್ಟಿಗೆಯೇ ತಿರುಗಿಸುತ್ತದೆ ಅಂದಿದ್ದಳು ಲಮಿಲೆ. ತಿರುಗಿಸಿತು. ಕನ್ನಡಿಯಲ್ಲಿ ತಿರುಗಿದ ಹಾಗೆ ತಿರುಗಿಸಿತು, ಬಲಗೈ ಹೋಗಿ ಸೊಂಟದ ಮೇಲೆ ಕೂತಿತು, ಎಡಗೈ ಮೀನು ಹಿಡಿದುಕೊಂಡು ಸಮುದ್ರದ ಕಡೆ ಚಾಚಿತು. ಈಗ ತಾನೇ, ಹೆಂಗಸರು ಬರಲು ಇಷ್ಟೇ ಹೊತ್ತಿರುವಾಗ, ಗುಂಡಿ ಒತ್ತಿ ಕಂಡದ್ದು ಅದು, ಏನೇ ಇದು, ನಿನ್ನ ಪೆಟ್ಟಿಗೆಗೆ ಹೆತ್ತವರು ಬುದ್ಧಿ ಕಲಿಸಿಲ್ವೇನೇ, ಮತ್ತೆ ಒತ್ತಿದಳು, ರಸ್ತೆಯ ಕಡೆ ಬಲಗೈ, ಸಮುದ್ರದ ಕಡೆ ಎಡಗೈ, ಮತ್ತೆ, ಊರಿಗೆ ಬಲಗೈ, ಬೊರ್ಕೆಟೆಗೆ ಎಡಗೈ — ಈ ಪೆಟ್ಟಿಗೆಗೆ ಯಾರು ಹೇಳಿದರು.

ಯಾರಿಗೂ ಹೇಳಿದ್ದಿಲ್ಲ. ಎಡಗೈ ಮಗು ಅಂತ ಚಿಕ್ಕಂದಿನಲ್ಲಿ ಚಿಕ್ಕಮ್ಮ ತನ್ನ ಬೆರಳುಗಳಿಗೆ ಮೆಣಸು ಅರೆದು ಹಚ್ಚಿ ಬಟ್ಟೆ ಸುತ್ತುತ್ತಿದ್ದಳು, ಆ ಮೆಣಸಿನ ಖಾರ ಈಗಲೂ ಉಗುರಿನಡಿ ಇದೆ, ಒಲೆಯೇ ಬೇಡ, ಬೆರಳಿಟ್ಟರೆ ಮೀನು ಬೇಯುತ್ತದೆ, ಹಾಗೆ ಬಲಗೈ ಊರಿನದಾಯಿತು, ಕೊಡುವುದು, ಕೈ ಕುಲುಕುವುದು, ತೋರಿಸುವುದು, ಆದರೆ ಮೀನು ಬಿಡಿಸುವುದು, ಮುಳ್ಳು ತೆಗೆಯುವುದು, ಕೂಸಿನ ಮೂಗು ಒರೆಸುವುದು, ಹೊಗೆಯೊಳಗೆ ಕೈ ಹಾಕಿ ಬೆಂದಿದೆಯೇ ಅಂತ ಮುಟ್ಟಿ ನೋಡುವುದು ಎಲ್ಲ ಎಡಗೈ, ಯಾರೂ ನೋಡದಾಗ. ಮದುವೆಯಾದ ಹೊಸತು, ಬೆಳಗಿನ ಮೀನು ಬಂದು ಒಲೆ ಹತ್ತಿದ ಹೊತ್ತು, ಕಣ್ಣು ತುಂಬ ಹೊಗೆ, ಮೊದಲು ಬೆಂದ ಮೀನಿನ ಹೊಟ್ಟೆಯ ಭಾಗ ಮುರಿದು ಹಿಂದೆ ನಿಂತವನಿಗೆ ಚಾಚಿದಳು, ಯೋಚನೆಯೇ ಇಲ್ಲ, ಕೈ ತಾನೇ ಹೋಯಿತು, ಹೋದ ಮೇಲೆ ತಿಳಿಯಿತು ಯಾವ ಕೈ ಅಂತ, ವಾಪಸ್ ಎಳೆದುಕೊಳ್ಳಲೂ ಆಗದು, ಇನ್ನು ತಾಯಿಮನೆಗೆ ನಡಿ ಅನ್ನುತ್ತಾನೆ, ಬುಟ್ಟಿ ಸಮೇತ — ಅವನು ಬಲೆ ಕೆಳಗಿಟ್ಟ. ಎರಡೂ ಕೈ ಚಾಚಿದ, ಅರಸನ ಮುಂದೆ ನಿಂತವನ ಹಾಗೆ, ಎರಡೂ ಅಂಗೈ ಜೋಡಿಸಿ ಅವಳ ಎಡಗೈ ಕೆಳಗೆ ಹಿಡಿದ, ತೆಗೆದುಕೊಂಡ, ತಿಂದ, ಊದಿ ಊದಿ ತಿಂದ, ಬಲಗೈ ಊರವರಿಗೆಲ್ಲ ಕೊಡ್ತೀಯ, ಇದು ನನ್ನೊಬ್ಬನಿಗೇ ಇರ್ಲಿ, ಅಂದ. ಅಷ್ಟೇ ಅಂದದ್ದು, ಮಾತು ಕಡಿಮೆ ಮನುಷ್ಯ, ಒಂದು ಮಾತು ಆಡಿ ಒಂದು ವರ್ಷ ದಣಿವಾರಿಸಿಕೊಳ್ಳುವವನು, ಆಮೇಲೆ ದಿನಾ, ಮಕ್ಕಳು ಹುಟ್ಟಿದರೂ, ಮಕ್ಕಳಿಗೆ ಮಕ್ಕಳು ಹುಟ್ಟಿದರೂ, ಒಲೆಯ ಹಿಂದೆ, ಹೊಗೆಯ ಮರೆಯಲ್ಲಿ, ಮೊದಲ ಮೀನು, ಎಡಗೈ, ಎರಡು ಅಂಗೈ. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲೂ, ನುಂಗಲು ಆಗುತ್ತಿರಲಿಲ್ಲ, ಸುಮ್ಮನೆ ಅಂಗೈಯಲ್ಲಿ ಇಟ್ಟುಕೊಂಡಿರುತ್ತಿದ್ದ. ಪರದೆಯ ಮೇಲೆ ಅವನ ಚಿತ್ರ ಬರೆಯುವಾಗ ಕೈ ಎರಡನ್ನೂ ಮುಂದೆ ಚಾಚಿಯೇ ಬರೆದಿದ್ದಳು, ಯಾಕಜ್ಜಿ ಹೀಗೆ ಅಂತ ಲಮಿಲೆ ಕೇಳಿದ್ದಕ್ಕೆ ಒಂದು ಕೈ ಬರೆದ್ರೆ ಇನ್ನೊಂದಕ್ಕೆ ಬೇಜಾರಾಗತ್ತೆ ಅಂದಿದ್ದಳು.

ಅಜ್ಜಿ, ಬಂದ್ರು, ದಾರಿಯಲ್ಲಿ ಇದಾರೆ, ಅನ್ನುತ್ತಿದ್ದಾಳೆ ಲಮಿಲೆ ಕಿಟಕಿಯಲ್ಲಿ ಬಗ್ಗಿ, ಹೇಳಿ, ಇನ್ನೊಂದು ಚಿತ್ರ ಬರೆದು ಹಾಕ್ಲಾ, ಇಲ್ಲಾಂದ್ರೆ ಒಂದು ಕೆಲ್ಸ ಮಾಡೋಣ, ನಿಮ್ಮ ಚಿತ್ರದ ತಲೆ ಮೇಲೆ ಮಾತು ಬರೋ ಹಾಗೆ ಮಾಡ್ತೀನಿ, ಎಡಗೈ ಆಯ್ತು, ಕ್ಷಮಿಸಿ ಅಂತ, ಮುಗೀತಲ್ಲ, ಜಾಣೆ, ಎಷ್ಟು ಜಾಣೆ ಈ ಹುಡುಗಿ, ಅದೊಂದು ನೇರಳೆ ಬ್ಲಾಕು ಸಾಕು, ಮರ್ಯಾದೆ ಉಳಿಯಿತು, ಕುರಿ ಉಳಿಯಿತು — ಆದರೆ ಬೊರ್ಕೆಟೆಗೆ ಕ್ಷಮಿಸಿ ಅನ್ನುವುದೇ, ಒಂದು ದಿನ ಅಂದವಳಲ್ಲ, ಈಗ ಅಂದರೆ ಅವನು ಸುತ್ತಮುತ್ತ ನೋಡುತ್ತಾನೆ, ಯಾರಿಗೆ ಹೇಳ್ತಿದೀಯ ಅಂತ, ಚಿತ್ರ ಬದಲಾಯಿಸಿದರೆ ಇನ್ನೂ ಚೆಂದ, ಸಮುದ್ರದ ಕಡೆಯೂ ಬಲಗೈ, ಊರಿನ ಕೈ, ಗಿರಾಕಿಯ ಹಾಗೆ ಅವನೂ ಒಬ್ಬ ಗಿರಾಕಿ, ತಗೋ, ನಡಿ ಮುಂದೆ. ಬೇಡ ಮಗಾ. ಬೇಡ ಅಂದ್ರೆ, ನಮ್ಮಜ್ಜಿ ಚರ್ಮ ಸುಲೀತಾಳೆ ಅಜ್ಜಿ, ಸುಲೀಲಿ, ನನ್ನ ಚರ್ಮ ಹೊಗೆ ಕುಡಿದು ಗಟ್ಟಿಯಾಗಿದೆ, ಅವಳ ಚಾಕು ಮುರಿಯುತ್ತೆ. ಬಾಗಿಲಲ್ಲಿ ಬಣ್ಣಬಣ್ಣದ ಬಟ್ಟೆಗಳ ಅಲೆ, ಬೆವರು, ಪೌಡರು, ನಗು, ಹತ್ತು ಹೆಂಗಸರು ಹಿಡಿಯುವ ಕೋಣೆಗೆ ಒಂದು ಹಡಗು ಹೆಂಗಸರು, ಎಲ್ಲೇ ನಿನ್ನ ಆಟ, ನಿನ್ನೆ ಮೀನು ಇನ್ನೂ ಒಲೆ ಮೇಲಿದೆ, ಬೇಗ ತೋರಿಸು, ಅನ್ನುತ್ತಾ ಕೊರ್ಕೊಯ್ ನಾಯಕಿಯ ಗತ್ತಿನಲ್ಲಿ ಅಮೆರ್ಲೆಯ ಸ್ಟೂಲಿನಲ್ಲೇ ಕೂರುತ್ತಾಳೆ, ಸ್ಟೂಲು ನರಳುತ್ತದೆ, ಯಾವ್ದು ಒತ್ಬೇಕು, ಈ ಗುಂಡಿ ರಸ್ತೆ ಕಡೆಗೆ, ಅದು ಸಮುದ್ರದ ಕಡೆಗೆ, ಅನ್ನುತ್ತಾಳೆ ಲಮಿಲೆ. ಒತ್ತಿದಳು, ಬಲಗೈ, ಗಿರಾಕಿ, ಮೀನು ಮಾಯ, ಹೋ ಅಂತ ಹೆಂಗಸರು, ನೋಡ್ರೇ ಅಮೆರ್ಲೆ ಸೊಂಟಾನ, ಕಳ್ಳಿ, ಉಳಿದ ಅರ್ಧ ಎಲ್ಲಿ ಮುಚ್ಚಿಟ್ಟಿದೀಯ, ಇನ್ನೊಂದು ಗಿರಾಕಿ, ಇನ್ನೊಂದು ಮೀನು, ಕೊರ್ಕೊಯ್‌ಗೆ ಹುರುಪು ಹತ್ತಿದೆ, ನಾಲಿಗೆ ತುದಿ ಹೊರಗೆ ಬಂದಿದೆ, ಎಲ್ಲ ಗಿರಾಕಿಗಳೂ ಮುಗಿದರು, ಸಮುದ್ರದ ಕಡೆಯಿಂದ ಅವನು ಬರತೊಡಗಿದ, ನಿಧಾನ, ಮೊಣಕಾಲಲ್ಲಿ ಮರಳು, ಯಾರೋ ಹಿಂದಿನಿಂದ, ಅಯ್ಯೋ ಇದು ಬೊರ್ಕೆಟೆ ಅಲ್ವಾ, ಅದೇ ನಡಿಗೆ, ಕೊರ್ಕೊಯ್ ಸಮುದ್ರದ ಕಡೆಯ ಗುಂಡಿ ಒತ್ತಿದಳು.

ಎಡಗೈ. ಹೊರಗೆ ಅಲೆ ಹಿಂದೆ ಸರಿಯುವ ಸದ್ದು, ಎಡಗೈಲಿ ಕೊಡ್ತಾಳೆ, ಅಂದಿತು ಒಂದು ದನಿ, ಗಂಡಂಗೆ, ಅಂದಿತು ಇನ್ನೊಂದು, ಅಯ್ಯೋ ಅದು ಕಂಪ್ಯೂಟರ್ ತಪ್ಪು, ಚಿತ್ರ ತಾನೇ ತಿರುಗತ್ತೆ, ನಾನು ಸರಿ ಮಾಡೋದು ಮರ್ತೆ ಅನ್ನುತ್ತಿದ್ದಾಳೆ ಲಮಿಲೆ, ಪಾಪ ಮಗು, ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದೆ, ಸುಮ್ಮನಿದ್ದರೆ ಮುಗಿಯಿತು, ಪೆಟ್ಟಿಗೆಯ ತಪ್ಪು, ಪೆಟ್ಟಿಗೆ ಏನು ಬಂದು ಜಗಳ ಆಡುತ್ತದೆಯೇ — ಅವಳದೇನೂ ತಪ್ಪಿಲ್ಲ, ಪೆಟ್ಟಿಗೇದೂ ಇಲ್ಲ, ನಾನು ಹಾಗೇ ಕೊಡ್ತಿದ್ದದ್ದು, ಇದು ಯಾರ ದನಿ, ತನ್ನದೇ, ಅಕ್ರಾಕ್ಕೆ ಕೇಳುವ ದನಿ ಇಂದು ಈ ಗೋಡೆಯಿಂದ ಆ ಗೋಡೆಗೂ ಮುಟ್ಟುತ್ತಿಲ್ಲ, ಬೊರ್ಕೆಟೆಗಾ, ಕೊರ್ಕೊಯ್ ತಿರುಗದೆ ಕೇಳುತ್ತಾಳೆ, ಬೊರ್ಕೆಟೆಗೆ ಮಾತ್ರ, ಕ್ಷಮಿಸಿ ಅಂತಿದ್ಯಾ, ಇಲ್ಲ, ಅವನು ತಗೊಳ್ತಿದ್ನಾ, ಎರಡೂ ಕೈಲಿ. ಕೊರ್ಕೊಯ್‌ಳ ಬೆನ್ನು, ಎಷ್ಟು ಅಗಲದ ಬೆನ್ನು, ಇಷ್ಟು ವರ್ಷ ಪಕ್ಕದ ಒಲೆಯ ಮುಂದೆ ನೋಡಿದ ಬೆನ್ನು, ಅದರಲ್ಲಿ ಏನು ನಡೆಯುತ್ತಿದೆ ಅಂತ ಓದಲು ಬರುವುದಿಲ್ಲ, ಈಗ ಎದ್ದು ನಿಲ್ಲುತ್ತಾಳೆ, ಈಗ ಮುದುಕರ ಹೆಸರು ಹೇಳುತ್ತಾಳೆ, ಕುರಿ, ಜಿನ್ನು — ಅದಕ್ಕೇ ಆ ಮಹಾರಾಯ, ಅನ್ನುತ್ತಾಳೆ ಕೊರ್ಕೊಯ್, ನನ್ನ ಒಲೆ ಮೀನು ಒಂದು ದಿನಾನೂ ಮೂಸಿ ನೋಡ್ಲಿಲ್ಲ, ನಾನು ಬಲಗೈಲಿ, ತಟ್ಟೇಲಿಟ್ಟು, ಮೇಲೆ ಮೆಣಸಿನ ಚಟ್ನಿ ಹಾಕಿ ಕೊಟ್ರೂ ಹೊಟ್ಟೆ ತುಂಬಿದೆ ಅಂತಿದ್ದ, ಎಂಥ ಮಾಟಗಾತಿ ನೀನು, ಅನ್ನುತ್ತಾಳೆ, ಯಾರೋ ಕಿಸಕ್ಕನೆ ನಕ್ಕರು, ಕೊರ್ಕೊಯ್ ನಗಲಿಲ್ಲ, ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು, ಎಲ್ಲರೂ ಬಗ್ಗಿದರು. ಇವ್ನು ಯಾಕೇ ತಗೊಳ್ತಾ ಇಲ್ಲ, ಕೈ ಮುಟ್ತಲ್ಲ, ಗಿರಾಕಿಗಳು ತಗೊಂಡ್ರಲ್ಲ, ಮತ್ತೆ ಒತ್ತುತ್ತಾಳೆ, ಮತ್ತೆ, ಕೆಟ್ಟೋಯ್ತೇನೇ, ಕೆಟ್ಟಿಲ್ಲ, ಅಮೆರ್ಲೆಗೆ ಗೊತ್ತು, ಹೇಳದೆ ಏನನ್ನೂ ಮಾಡುವ ಪೆಟ್ಟಿಗೆಯಲ್ಲ ಇದು, ಮುಟ್ಟಿದರೆ ಮೀನು ಅವನದು ಅಂತ ಹೇಳುವ ಬ್ಲಾಕು ಪರದೆಯ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿದೆ, ಯಾವುದಕ್ಕೂ ಸೇರಿಸಿಲ್ಲ, ಮರೆತಿದ್ದೀರಿ ಅಜ್ಜಿ ಅಂತ ಲಮಿಲೆ ಎಷ್ಟು ಸಲ ಅಂದಳು, ಅವನು ತೆಗೆದುಕೊಂಡ ಕೂಡಲೇ ಆಟ ಮುಗಿಯುತ್ತದೆ, ಪರದೆ ಬರಿದಾಗುತ್ತದೆ, ಸೇರಿಸುತ್ತೇನೆ, ಆಮೇಲೆ ಸೇರಿಸುತ್ತೇನೆ, ಇನ್ನೊಂದು ಮಂಗಳವಾರ, ಕೊರ್ಕೊಯ್ ಮತ್ತೆ ಒತ್ತುತ್ತಾಳೆ, ಮೆಲ್ಲಗೆ, ಬೆರಳ ತುದಿಯಲ್ಲಿ, ಅವನು ನಿಂತಿದ್ದಾನೆ, ಅವಳು ನಿಂತಿದ್ದಾಳೆ, ಎಡಗೈ ಚಾಚಿದೆ, ಕೆಳಗೆ ಎರಡು ಅಂಗೈ, ನಡುವೆ ಬಿಸಿ ಮೀನು, ಎಡಗೈ, ಎರಡು ಅಂಗೈ,